ಮಣ್ಣು ತೋರಿಸಿದ ಕಾಡು

ಕೆರೆಯ ತಳದಿಂದ ಕೊರೆದು ತೆಗೆದ ಹಸಿ ಮಣ್ಣನ್ನು ಓಬಳಮ್ಮ ಚಿಟಿಕೆ ಚಿಟಿಕೆಯಾಗಿ ಪರಾಗದರ್ಶಕ ಯಂತ್ರದ ಬಟ್ಟಲಿಗೆ ಹಾಕುತ್ತಿದ್ದಳು. ಹೂವಿನ ಪರಾಗ ಕೆಸರಿನಲ್ಲಿ ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಒಂದೊಂದು ಗಿಡದ್ದು ಒಂದೊಂದು ಆಕಾರ. ಯಂತ್ರ ಅದನ್ನು ಗುರುತಿಸಿ, ಹಿಂದೆ ಅಲ್ಲಿದ್ದ ಕಾಡನ್ನು ಬೆಳಕಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಿತ್ತು. 2060ರ ಹೊತ್ತಿಗೆ ಅದು ನಾಡೆಲ್ಲ ಸುತ್ತಿತ್ತು. ಘಟ್ಟದಲ್ಲಿ ಬಿಸಿಲು ನೆಲ ಮುಟ್ಟದಂತೆ ಕವಿದ ನಿತ್ಯಹಸಿರಿನ ಧೂಪದ ಮರಗಳು ಎದ್ದಿದ್ದವು; ಭದ್ರೆಯ ಕಡೆ ಬೇಸಿಗೆಗೆ ಎಲೆಯುದುರಿಸುವ ತೇಗ, ಮತ್ತಿ; ಅಳಿವೆಯ ಉಪ್ಪುನೀರಿನಲ್ಲಿ ಬೇರನ್ನೇ ಕಾಲಾಗಿಸಿಕೊಂಡ ಕಾಂಡ್ಲಾ ಮರ.

ಇಂದು ಮೊಳಕಾಲ್ಮೂರಿನ ಸರದಿ. ಊರಿನ ಸಸಿತೋಟ ಓಬಳಮ್ಮನದೇ ಉಸ್ತುವಾರಿಯಲ್ಲಿತ್ತು. ಘಟ್ಟದಿಂದ ತರಿಸಿದ ಸಸಿಗಳನ್ನು ಪ್ರತಿ ಮಳೆಗಾಲ ಗುಡ್ಡದಲ್ಲಿ ನೆಡುವಳು. ಬೇಸಿಗೆ ಬಂದರೆ ಎಲ್ಲವೂ ಕಡ್ಡಿ. ಅವಳಿಗೆ ಕೈಗುಣವಿಲ್ಲವೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಅತ್ತೆ ಬೋರಕ್ಕ ಹಿತ್ತಲ ಬದನೆ ಸಸಿಯನ್ನೂ ಮುಟ್ಟಗೊಡುತ್ತಿರಲಿಲ್ಲ. ನಾದಿನಿಯ ಮದುವೆಯಲ್ಲಿ ಚಪ್ಪರದ ಹಾಲುಗಂಬ ನೆಡುವಾಗ ಮುತ್ತೈದೆಯರೆಲ್ಲ ಕೈಹಚ್ಚಿದರು, ಇವಳನ್ನು ಯಾರೂ ಕರೆಯಲಿಲ್ಲ. ಬರಬರುತ್ತ ಅವಳೂ ಅದನ್ನು ನಂಬಿದ್ದಳು.

"ಮಿಷಿನ್ನಿಗೂ ನೀನೇ ಮಣ್ಣು ಹಾಕ್ತೀಯೇನೇ? ಅದೂ ಕೆಟ್ಟು ಕುಂತ್ಕಂತೈತೆ ನೋಡು," ಎಂದಳು ಬೋರಕ್ಕ. ನೆರೆದಿದ್ದ ಹೆಂಗಸರು ನಕ್ಕರು.

"ಹಾಕಲಿ ಬಿಡಿ ಅಜ್ಜಿ. ನನ್ನ ಕೈಯಾದರೆ ಅರ್ಧ ಮಣ್ಣು ಹೊರಗೇ ಚೆಲ್ಲುತ್ತೆ," ಎಂದಳು ಯಂತ್ರ ಕಟ್ಟಿದ ವಿಜ್ಞಾನಿ ಶಾಹೀನ್.

ಬಯಲಿನ ತುಂಬ ಬೆಳಕು ಹರಡಿತು. ಮುಗಿಲೆತ್ತರದ ಮರ ಒಂದೂ ಏಳಲಿಲ್ಲ. ಎದ್ದದ್ದು ಬರೀ ಪೊದೆ: ಕವಳೆ, ಕಾರೆ, ಬಾರೆ, ಬಂದರಿಕೆ, ಹಳದಿ ಹೂ ಹೊತ್ತ ತಂಗಡಿ. ನಡುನಡುವೆ ಒಂದೊಂದು ಕಮರದ ಮರ, ಕೊಡೆಯಂಥ ಜಾಲಿ. ಕೆಳಗೆ ಒರಟು ಹುಲ್ಲು, ಸುತ್ತ ಮುಳ್ಳೇ ಮುಳ್ಳು.

"ಅಯ್ಯ! ಇದೂ ಒಂದು ಕಾಡೇನಮ್ಮ?" ಬೋರಕ್ಕ ಮೂಗುಮುರಿದಳು.

"ಕುರುಚಲು ಕಾಡು ಅಜ್ಜಿ. ಸಾವಿರಾರು ವರ್ಷದಿಂದ ಇಲ್ಲಿಯದು ಇದೇ. ಘಟ್ಟದ ಮರಕ್ಕೆ ಇಲ್ಲಿ ಮಳೆ ಸಾಲದು. ಯಾರು ನೆಟ್ಟರೂ ಬದುಕಲ್ಲ."

ಯಾರು ನೆಟ್ಟರೂ! ಓಬಳಮ್ಮನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಅದುಮಿದಷ್ಟೂ ಚಿಮ್ಮಿತು; ಕಣ್ಣಲ್ಲಿ ನೀರಾಡಿತು.

"ಏನಾತೇ ನಿಂಗೆ?"

"ಏನಿಲ್ಲತ್ತೆ, ಮುಳ್ಳು ಚುಚ್ತು."

"ಬೆಳಕಿನ ಮುಳ್ಳು ಎಲ್ಲಾದ್ರೂ ಚುಚ್ಚುತ್ತೇನೇ!" ಬೋರಕ್ಕನೂ ನಕ್ಕುಬಿಟ್ಟಳು.

ಕೊನೆಯದಾಗಿ ಶಾಹೀನ್ 2020ರ ಸುಮಾರಿನ ಪದರದ ಮಣ್ಣು ಹಾಕಿಸಿದಳು. ಪಾಳುಭೂಮಿಯೆಂದು ಪೊದೆಗಳನ್ನು ಕೆತ್ತಿ ಹಾಕಿದ ಬೋಳು ನೆಲದ ನಡುವೆ ಅಲ್ಲೊಂದು ಇಲ್ಲೊಂದು ಕವಳೆ ಪೊದೆ ಇನ್ನೂ ಹೂಬಿಟ್ಟಿತ್ತು. "ಆಗ ಏನೂ ಮಾಡಬೇಕಿರಲಿಲ್ಲ," ಎಂದಳು ಮೆಲ್ಲಗೆ. "ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು."

ಗುಡ್ಡದ ಮೇಲೆ ಈ ವರ್ಷದ ಸಸಿಗುಂಡಿಗಳು ಮಳೆಗಾಗಿ ಬಾಯ್ತೆರೆದಿದ್ದವು. ಮನೆಗೆ ಹೋಗುವ ದಾರಿಯಲ್ಲಿ ಓಬಳಮ್ಮ ಬೇಲಿಯ ಕವಳೆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ಬೀಜಗಳನ್ನು ಉಗುಳದೆ ಅಂಗೈಗೆ ತೆಗೆದುಕೊಂಡು ಮುಷ್ಟಿ ಬಿಗಿಹಿಡಿದಳು.

"ಏನೇ ಅದು ಕೈಯಾಗೆ?" ಬೋರಕ್ಕ ಕೇಳಿದಳು.

"ಏನೂ ಇಲ್ಲತ್ತೆ," ಎಂದಳು ಓಬಳಮ್ಮ.