ಎರಡನೇ ಮುದ್ರಣಕ್ಕೆ ಒಪ್ಪಿಗೆ

ಅವಳು ಅವನ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಊರಿನ ಗಡಿಯಾರಗಳೆಲ್ಲ ಒಟ್ಟಿಗೆ ನಿಂತುಬಿಟ್ಟವು. ಹನ್ನೊಂದು ಸಾವಿರ ಗಡಿಯಾರ! ಅಷ್ಟನ್ನೂ ಅವನೊಬ್ಬನೇ, ಮಧ್ಯಾಹ್ನದ ಊಟದೊಳಗೆ, ಒಂದೇ ಕೈಯಲ್ಲಿ ರಿಪೇರಿ ಮಾಡಿ ಮುಗಿಸಿದ. ಇನ್ನೊಂದು ಕೈ ಎದೆಯ ಮೇಲಿತ್ತು.

ಅವಳು ಬಂದದ್ದು ವಾಚಿನ ಬೆಲ್ಟ್ ಬದಲಾಯಿಸಲು. ಕಣ್ಣು ಬಿದ್ದದ್ದು ಕೌಂಟರಿನ ಗಾಜಿನ ಮೇಲಿದ್ದ ಪುಸ್ತಕದ ಮೇಲೆ. ಗಿರಾಕಿಗಳು ಮರೆತುಹೋದ ಗಡಿಯಾರಗಳ ಕಥೆಗಳು. ಅವನೇ ಬರೆದು, ಅವನೇ ಪುಟ ಕಟ್ಟಿ, ಅವನೇ ಅಚ್ಚು ಹಾಕಿಸಿ ಮಾರಾಟಕ್ಕಿಟ್ಟದ್ದು.

ಪುಟ ತಿರುಗಿಸುತ್ತ, "ಅಕ್ಷರ ಚೆನ್ನಾಗಿದೆ. ಯಾವ ಫಾಂಟು?" ಎಂದಳು.

ಅಂಥ ಕಣ್ಣು ಎದುರಿಗಿರುವಾಗ ನಿಜ ಹೇಳುವಷ್ಟು ದಡ್ಡ ಅವನಲ್ಲ. "ಫಾಂಟಾ? ನಾನೇ ಬರೆದದ್ದು ರೀ. ಮೂರು ವರ್ಷ ನಿದ್ದೆ ಇಲ್ಲ."

ಗೋಡೆ ಗಡಿಯಾರ ಒರೆಸುತ್ತಿದ್ದ ಅವನ ಅಕ್ಕ ತಿರುಗಿದಳು. "ಇವನಾ? ಇವನ ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲು ಕಣಮ್ಮಾ!"

ಅವಳು ತುಟಿಯಂಚಿನಲ್ಲೇ ನಗು ಹಿಡಿದಿಟ್ಟುಕೊಂಡಳು. "ಅಷ್ಟು ಕಷ್ಟಪಟ್ಟಿದ್ದೀರಲ್ಲ, ಇದರಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?"

ಅವನು ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಅದೇ ಗಾಜಿನಲ್ಲಿ ಎಷ್ಟು ಸಂಜೆ ಈ ಅಕ್ಷರಗಳನ್ನು ನೋಡುತ್ತ ಮೈಮರೆತಿದ್ದನೋ! "ಒತ್ತಕ್ಷರ ನೋಡಿ. ಬೇರೆಯವರು ಮೇಲಿನ ಅಕ್ಷರಾನೇ ಕುಗ್ಗಿಸಿ ಕೆಳಗೆ ತಳ್ಳಿಬಿಡ್ತಾರೆ. ಇಲ್ಲಿ ಒಂದೊಂದು ಒತ್ತನ್ನೂ ಬೇರೆಯಾಗಿ, ಮಗೂನ ಮಡಿಲಲ್ಲಿ ಕೂರಿಸಿದ ಹಾಗೆ ಬರೆದಿದ್ದಾರೆ."

"ಬರೆದಿದ್ದಾರೆ?" ಅವಳ ಹುಬ್ಬು ಏರಿತು. "ಬರೆದಿದ್ದೀನಿ ಅನ್ಬೇಕಿತ್ತಲ್ವಾ?"

ಅಕ್ಕ ಕಿಸಕ್ಕನೆ ನಕ್ಕಳು.

"ಬರೆದವಳು ನಾನು," ಎಂದಳು ಅವಳು. "ನಾಲ್ಕು ವರ್ಷ. ಆ ಒತ್ತುಗಳನ್ನ ಇದುವರೆಗೆ ಯಾರೂ ಗಮನಿಸಿರಲಿಲ್ಲ." ದನಿ ಒಂದು ಕ್ಷಣ ಮೆತ್ತಗಾಗಿ, ಮತ್ತೆ ಬಿಗಿಯಾಯಿತು. "ಡೌನ್‌ಲೋಡ್ ಮಾಡುವಾಗ ಲೈಸೆನ್ಸ್ ಓದಿದ್ರಾ? ಸ್ವಂತ ಬಳಕೆಗೆ ಫ್ರೀ. ಪುಸ್ತಕ ಮಾರೋದಾದ್ರೆ ನನ್ನ ಒಪ್ಪಿಗೆ ಬೇಕು. ಇಲ್ಲಾಂದ್ರೆ ಇದನ್ನ ಇಲ್ಲಿಂದ ಇಳಿಸಿ."

ಅವನು ಕಣ್ಣಿನ ಭೂತಗಾಜು ತೆಗೆದ. ಆರು ವರ್ಷ ಕೂತು ಬರೆದ ಪುಸ್ತಕ. ಅದೂ ಹೋಗಲಿ, ಇವಳು ಬೆಲ್ಟ್ ಹಾಕಿಸಿಕೊಂಡು ಹಾಗೇ ಹೊರಟುಬಿಟ್ಟರೆ?

"ಓದಲಿಲ್ಲ ರೀ. ಒಪ್ಪುತ್ತೇನೆ ಅಂತ ಇತ್ತು, ಒತ್ತಿಬಿಟ್ಟೆ. ಮೇಲೆ ಸುಳ್ಳು ಬೇರೆ ಹೇಳ್ದೆ, ತಪ್ಪಾಯ್ತು. ಈಗ ಕೇಳ್ತಿದ್ದೀನಿ. ಒಪ್ಪಿಗೆ ಕೊಡ್ತೀರಾ?" ಎಂದೆ.

ಎಂದ, ಎಂದ! ಕೈತಪ್ಪು.

ಅವಳು ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು. "ಮೊದಲ ಮುದ್ರಣಕ್ಕೆ ಕೊಟ್ಟೆ. ಮುಂದೆ ಪ್ರತಿ ಮುದ್ರಣಕ್ಕೂ ಹೊಸದಾಗಿ ಕೇಳ್ಬೇಕು. ಇಮೇಲ್ ಆಗಲ್ಲ. ಎದುರಿಗೇ ಬರ್ಬೇಕು."

ಆ ಪುಸ್ತಕ ಒಂದೇ ವರ್ಷದಲ್ಲಿ ಒಂಬತ್ತು ಮುದ್ರಣ ಕಂಡಿತು! ಓದುಗರ ಸಾಲು ಬೀದಿ ದಾಟಿ...

ಈ ಕಥೆಯ ಪುಟ ಕಟ್ಟುತ್ತಿರುವವಳು ಇಲ್ಲಿಗೆ ಬಂದು ಕೈ ನಿಲ್ಲಿಸಿದ್ದಾಳೆ. "ರೀ, ನಿಜ ಬರೀರಿ. ಇಲ್ಲಾಂದ್ರೆ ನನ್ನ ಅಕ್ಷರ ಕೊಡಲ್ಲ."

ಸರಿ. ಅವನು ನಾನೇ. ಅಚ್ಚಾದ ನೂರು ಪ್ರತಿಯಲ್ಲಿ ಅರವತ್ತೆರಡು ಇನ್ನೂ ಅಕ್ಕನ ಮಂಚದಡಿ ಮಲಗಿವೆ. ಎರಡನೇ ಮುದ್ರಣ ಆಗಲೇ ಇಲ್ಲ. ಆದರೂ ಎಂಟು ಸಲ ಅವಳ ಮನೆ ಬಾಗಿಲಿಗೆ ಹೋಗಿ ಒಪ್ಪಿಗೆ ಕೇಳಿದ್ದೇನೆ.

ಅವಳಿಗೆ ಮೊದಲ ಸಲವೇ ಗೊತ್ತಿತ್ತಂತೆ. ಎಂಟು ಸಲವೂ ಕೊಟ್ಟಳು.