ಬಿಳಿಯ ಮೇಲೆ ಬೂದು ಅಕ್ಷರ

"ಈ ಪುಟ ಮಾಡಿದ್ದು ಯಾರು? ಕೈ ಎತ್ತಿ!"

ಫೆಮ್ಕೆ ಅರ್ಧಕ್ಕೆ ಕೈ ಎತ್ತಿದಳು. ಖ್ರೋನಿಂಗನ್ ನಗರದ ಆ ಪುಟ್ಟ ಕಂಪನಿಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ನಾಟಕಮಂದಿರವೊಂದರ ಟಿಕೆಟ್ ಮಾರುವ ವೆಬ್‌ಸೈಟ್... ಅವಳೊಬ್ಬಳೇ ರೂಪಿಸಿದ ಮೊದಲ ಕೆಲಸ. ಅದರ ತಪ್ಪು ಹುಡುಕಲು ಕರೆಸಿದ್ದ ಯೆಲ್ಮರ್ ಪರದೆಯ ಪಕ್ಕ ನಿಂತಿದ್ದ.

"ನಾನು..."

"ಬಿಳಿ ಮೇಲೆ ಬೂದು ಅಕ್ಷರ! ಮೆನು ಎಲ್ಲೋ ಅವಿತು ಕೂತಿದೆ. 'ಹಣ ಕಟ್ಟಿ', 'ರದ್ದು ಮಾಡಿ' ಎರಡೂ ಅಕ್ಕಪಕ್ಕ, ಒಂದೇ ಬಣ್ಣ! ಇದು ಜನ ಬಳಸೋಕಾ, ಇಲ್ಲ ನಿಮ್ಮನೆ ಗೋಡೆಗೆ ನೇತುಹಾಕೋಕಾ?"

ಎಲ್ಲರೂ ನಕ್ಕರು. ಫೆಮ್ಕೆ ಶೌಚಾಲಯಕ್ಕೆ ಓಡಿ, ನಲ್ಲಿ ತಿರುಗಿಸಿ ಅತ್ತಳು.

ಮುಂದಿನ ವಾರಗಳಲ್ಲೂ ಅವನು ಬಿಡಲಿಲ್ಲ. ಒಂದು ತಿದ್ದಿದರೆ ಇನ್ನೊಂದು.

"ಫಾರಂನಲ್ಲಿ ಒಂದು ತಪ್ಪಾದ್ರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ. ಜನರ ಮೇಲೆ ನಿಮಗೇನ್ರೀ ಅಷ್ಟು ಸಿಟ್ಟು?"

ಆದರೂ ಅವನ ಹೆಜ್ಜೆ ಸದ್ದಿಗೆ ಅವಳ ಕಿವಿ ನಿಮಿರುತ್ತಿತ್ತು. 'ಛೀ! ಇಂಥವನಿಗಾಗಿ ಕಾಯ್ತಿದ್ದೀನಾ ನಾನು?'

ನಾಟಕಮಂದಿರದವರು ನೋಡಲು ಬಂದ ದಿನ, ಅವರೆದುರೇ ಅವನು ಮತ್ತೆ ಶುರುಮಾಡಿದ.

"ಬೂದು ಅಕ್ಷರ ಇನ್ನೂ ಹಾಗೇ ಇದೆ. ಇವರಿಗೆ ಅಂದ ಮುಖ್ಯ, ಮನುಷ್ಯರಲ್ಲ."

ಫೆಮ್ಕೆಯ ಸಹನೆಯ ಕಟ್ಟೆ ಒಡೆಯಿತು.

"ಬಾಯಲ್ಲಿ ಹೇಳೋದು ಸುಲಭ! ತಗೊಳ್ಳಿ ಫೋನು. ಎಲ್ಲರೆದುರು ಒಂದು ಟಿಕೆಟ್ ತಗೊಂಡು ತೋರಿಸಿ!"

ಅವನ ಮುಖ ಬಿಳಿಚಿಕೊಂಡಿತು. ಅವಳು ಅದನ್ನು ಕಂಡಳು... ಕಂಡೂ ಸುಮ್ಮನಾಗಲಿಲ್ಲ.

"ಏನು, ಹೆದರಿಕೆನಾ?"

ಅವನು ಫೋನನ್ನು ಮೂಗಿನವರೆಗೆ ತಂದ.

"ಏನಪ್ಪಾ, ಮೂಸಿ ನೋಡ್ತಿದ್ದೀಯಾ?" ಯಾರೋ ಕೂಗಿದರು. ಕೋಣೆಯಿಡೀ ನಗು. ಫೆಮ್ಕೆಯದೇ ಎಲ್ಲಕ್ಕಿಂತ ಜೋರು.

ಅವನ ಬೆರಳು 'ಹಣ ಕಟ್ಟಿ'ಯ ಬದಲು 'ರದ್ದು ಮಾಡಿ'ಯನ್ನು ಒತ್ತಿತು. ಅದುವರೆಗೆ ತುಂಬಿದ್ದೆಲ್ಲ ಅಳಿಸಿಹೋಯಿತು.

"ನನ್ನ ಕಣ್ಣು ಹೋಗ್ತಿದೆ," ಎಂದ ಯೆಲ್ಮರ್, ಫೋನನ್ನು ಮೇಜಿನ ಮೇಲಿಡುತ್ತಾ. "ಹೋದ ವರ್ಷ ಓದೋಕಾಗ್ತಿದ್ದದ್ದು ಈಗ ಆಗಲ್ಲ. ನಗೋದು ಮುಗೀತಾ?"

ಹೊರಡುವಾಗ ಗಾಜಿನ ಬಾಗಿಲಿಗೆ ಅವನ ಭುಜ ಬಡಿಯಿತು. ಒಬ್ಬರೂ ಏಳಲಿಲ್ಲ.

ಅಂದೇ ಸಂಜೆ ಫೆಮ್ಕೆ ಕಾಲುವೆ ಬದಿಯ ಅವನ ಮನೆಯ ಬಾಗಿಲು ತಟ್ಟಿದಳು.

"ಕರುಣೆ ತಂದಿದ್ರೆ ವಾಪಸ್ ತಗೊಂಡು ಹೋಗಿ," ಎಂದ ಅವನು. "ನಿಮ್ಮ ನಗು ಎಲ್ಲರಿಗಿಂತ ಜೋರಾಗಿ ಕೇಳಿಸ್ತು. ಕಿವಿ ಚೆನ್ನಾಗಿದೆ ನಂಗೆ."

"ಹೌದು. ನಿಮ್ಮನ್ನ ನೋಯಿಸ್ಬೇಕು ಅಂತಲೇ ನಕ್ಕೆ," ಎಂದಳು ಅವಳು. "ನೀವು ಗಾಜಿನ ಬಾಗಿಲಿಗೆ ಬಡಿದಾಗ್ಲೂ ನಾನು ಏಳಲಿಲ್ಲ. ಕ್ಷಮಿಸಿ ಅಂತ ಕೇಳೋ ಮುಖ ಇಲ್ಲ ನಂಗೆ..."

ಅವನು ಬಾಗಿಲನ್ನು ಇನ್ನಷ್ಟು ತೆರೆದ.

"ನಾನೂ ಕಮ್ಮಿ ಕಟುಕನಲ್ಲ," ಎಂದ ಅವನು. "ತಪ್ಪು ತೋರ್ಸೋಕೆ ಅವಮಾನ ಮಾಡ್ಬೇಕಿರ್ಲಿಲ್ಲ. ಬೇರೆಯವರ ಪುಟ ಓದೋಕಾಗ್ದಿದ್ರೆ ಬರೀ ಬೇಜಾರು. ಆದ್ರೆ ನೀನು ಮಾಡಿದ್ದು ಕಾಣಿಸ್ದೇ ಹೋದಾಗ... ನೀನೇ ಕೈತಪ್ಪಿ ಹೋದ ಹಾಗೆ, ಫೆಮ್ಕೆ!"

'ನೀನು' ಎಂದನಲ್ಲ!

"ಈಗ ಕಾಣಿಸ್ತಿದ್ದೀನಾ?"

"ಇಲ್ಲ... ಮಬ್ಬು."

ಒಂದು ಹೆಜ್ಜೆ ಮುಂದಿಟ್ಟಳು. "ಈಗ?"

"ಇನ್ನೂ ಸ್ವಲ್ಪ..."

ಅವನ ಉಸಿರು ಅವಳ ಹಣೆಗೆ ತಾಕಿತು.

"ಈಗ?"

"ಈಗ ಅಳ್ತಿರೋದೂ ಕಾಣಿಸ್ತಿದೆ," ಎಂದು ಅವನು ಅವಳ ಕೆನ್ನೆ ಒರೆಸಿದ. "ಇಲ್ಲೇ ಇರು."