ಲೆಕ್ಕಕ್ಕಿಲ್ಲದ ತೂತು

ಮಂಗಳವಾರ ಬೆಳಗ್ಗೆ ನಾನು ಟೈಲರ್ ಅಕ್ಕನ ಅಂಗಡಿಗೆ ಹೋದಾಗ, ಗಡಿಯಾರದ ಯಜಮಾನರ ಸೊಸೆ ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

“ಅಕ್ಕಾ, ಆ ಬೀಗದಕೈ ನನಗೆ ವಾಪಸ್ಸು ಬೇಕು. ಬೇರೆ ಏನೂ ಬೇಡ,” ಎಂದಳು.

ಯಾವ ಬೀಗದಕೈ ಎಂದು ಅಕ್ಕ ಕೇಳಲಿಲ್ಲ. ಹಿಂದಿನ ದಿನ ನಡೆದದ್ದನ್ನು ಇಡೀ ಬೀದಿ ನೋಡಿತ್ತು.

ಗಡಿಯಾರ ರಿಪೇರಿ ಬಿಟ್ಟ ಮೇಲೆ ಯಜಮಾನರು ಮನೆಯ ಪಕ್ಕದ ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ಲೋಹ ಕಡೆಯುವ ಒಂದು ಪುಟ್ಟ ಲೇತು ಇಟ್ಟುಕೊಂಡಿದ್ದರು. ಸೊಸೆಗೆ ಆಸಕ್ತಿ ಇದೆಯೆಂದು ಅವಳಿಗೂ ಕಲಿಸಿ, ಶೆಡ್ಡಿನ ಎರಡನೆಯ ಬೀಗದಕೈಯನ್ನು ಅವಳಿಗೇ ಕೊಟ್ಟಿದ್ದರು. ಮಾವ ಸೊಸೆ ಸೇರಿ ಮೂರು ತಿಂಗಳಿಂದ ಲೇತಿನ ಮೇಲೆ ಕೂರುವ ಪುಟ್ಟ ಗ್ರೈಂಡರ್ ಕಟ್ಟುತ್ತಿದ್ದರು. ಒಂದು ಉಕ್ಕಿನ ಪಟ್ಟಿ, ಎರಡು ಬೇರಿಂಗು, ಬೆರಳು ದಪ್ಪದ ಸಾಣೆಕಲ್ಲು, ತಿರುಗಿಸಲು ಅಕ್ಕ ಕೊಟ್ಟ ಹಳೆಯ ಹೊಲಿಗೆ ಯಂತ್ರದ ಮೋಟರು ಮತ್ತು ಅದರ ಪೆಡಲು. ಬರೀ ಲೇತಿಗೆ ಬಗ್ಗದ ಗಟ್ಟಿ ಉಕ್ಕನ್ನೂ ಅದು ಕನ್ನಡಿಯಂತೆ ನುಣುಪು ಮಾಡುತ್ತಿತ್ತು.

ಸೋಮವಾರ ಬೆಳಗ್ಗೆ ಯಜಮಾನರು ಬೀಗ ತೆಗೆದು ಲೇತಿನ ಹಿಡಿ ತಿರುಗಿಸಿದರೆ ಕರಕರ ಸದ್ದು. ಯಂತ್ರದ ಜೀವವೇ ಅದರ ಬೆಡ್ಡು, ಅಂದರೆ ಉಳಿಯ ಗಾಡಿ ಜಾರುವ ನುಣುಪು ಹಳಿ. ಅದರ ಮೇಲೆ ಬೂದು ಪುಡಿ ಬಿದ್ದಿತ್ತು. ಉದ್ದುದ್ದ ಗೀರುಗಳೂ ಎದ್ದಿದ್ದವು. ಯಜಮಾನರ ಗೆಳೆಯರಾದ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲೇ ನಿಂತು ಇಣುಕಿ, “ಪಾತ್ರೆ ಉಜ್ಜೋ ಪುಡಿ ಹಾಕಿ ತಿಕ್ಕಿದಾರೆ ನೋಡಿ. ನಾನಂತೂ ಈ ಕಡೆ ಬಂದು ತಿಂಗಳಾಯ್ತು. ಹೆಂಗಸರ ಕೈಗೆ ಯಂತ್ರ ಕೊಡಬೇಡಿ ಅಂತ ಆಗಲೇ ಹೇಳಿದ್ದೆ,” ಎಂದರು.

ಇದ್ದದ್ದು ಎರಡೇ ಬೀಗದಕೈ. ಯಜಮಾನರು ಸೊಸೆಯನ್ನು ಬೀದಿಗೆ ಕರೆದು, ಎಲ್ಲರೆದುರಿಗೆ ಅವಳ ಕೈಯಿಂದ ಬೀಗದಕೈ ಕಿತ್ತುಕೊಂಡು, “ಇನ್ನು ಅಡುಗೆಮನೆ ದಾಟಬೇಡ,” ಎಂದರು. ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ನಾನೂ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿಕೊಂಡು ನೋಡುತ್ತ ನಿಂತಿದ್ದೆ. ಸಿಟ್ಟಿನವನೆಂದು ಬೀದಿಯವರು ನನ್ನನ್ನು ಕಿಡಿ ಎನ್ನುತ್ತಾರೆ. ಬೇಕಾದಾಗ ಹಾರದ ಕಿಡಿ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

“ಶನಿವಾರ ಏನು ಮಾಡಿದೆ? ಒಂದೂ ಬಿಡದೆ ಹೇಳು,” ಎಂದಳು ಅಕ್ಕ.

“ಬ್ರಷ್ಷಲ್ಲಿ ಒರೆಸಿ ಎಣ್ಣೆ ಹಚ್ಚಿದೆ ಅಕ್ಕಾ, ಅಷ್ಟೇ. ಭಾನುವಾರ ಎಲ್ಲರೂ ನೆಂಟರ ಮನೆಗೆ ಹೋಗಿದ್ವಿ. ಬರೋವಾಗ ಕತ್ತಲಾಗಿತ್ತು. ಒಂದು ತಪ್ಪು ಮಾತ್ರ ಮಾಡಿದೀನಿ. ಶನಿವಾರ ಸಂಜೆ ಮಾವ ಚಹಾಕ್ಕೆ ಹೋದಾಗ ಗ್ರೈಂಡರಿನ ಪಟ್ಟಿಯ ಅಡಿಗೆ ಒಂದು ತೂತು ಕೊರೀತಿದ್ದೆ. ಗೆರೆ ತಪ್ಪಿ ಅರ್ಧ ಬೆರಳು ಆಚೆ ಬಿತ್ತು. ಪಕ್ಕದಲ್ಲಿ ಸರಿಯಾಗಿ ಇನ್ನೊಂದು ಕೊರೆದು ಬೋಲ್ಟು ಬಿಗಿದುಬಿಟ್ಟೆ. ಬಿಚ್ಚಿ ತಿರುವಿ ಹಾಕಿದರೆ ಮಾತ್ರ ಕಾಣತ್ತೆ. ಮಾವನಿಗೆ ಹೇಳೋಕೆ ಬಾಯಿ ಬರಲಿಲ್ಲ.”

“ಯಾರಿಗೂ ಹೇಳಿಲ್ಲ?”

“ಈಗ ನಿಮಗೇ ಮೊದಲು.”

ಅಕ್ಕ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿಕೊಂಡು ಎದ್ದಳು. ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಬಟ್ಟೆ ನೋಡಿಯೇ ಯಾವ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ್ದಾರೆಂದು ಹೇಳುವ ಕಣ್ಣು ಅವಳದು.

ಯಜಮಾನರು ಮುಖ ಗಂಟಿಕ್ಕಿಕೊಂಡೇ ಶೆಡ್ಡಿನ ಬಾಗಿಲಿಗೆ ಬಂದರು. ಅವರು ಬೀಗ ತೆಗೆಯುತ್ತಿದ್ದಾಗ ಅಕ್ಕ ಬೀಗ ನೋಡಲಿಲ್ಲ, ಚಿಲಕದ ಪಟ್ಟಿ ನೋಡಿದಳು. ಬಾಗಿಲಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕಂದಾಗಿದ್ದವು. ಚಿಲಕದ ನಾಲ್ಕು ಸ್ಕ್ರೂಗಳ ತಲೆಯ ಸೀಳು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಒಳಗೆ ಹೋಗಿ ಆ ಬೂದು ಪುಡಿಯನ್ನು ಚಿಟಿಕೆ ತೆಗೆದು ಅಂಗೈಯಲ್ಲಿಟ್ಟು, ನೀರು ಹಾಕಿ ಉಜ್ಜಿದಳು. ನೊರೆ ಬರಲಿಲ್ಲ. ಪೆಡಲಿನ ಮೇಲೆ ಬೆರಳಾಡಿಸಿದಾಗ ಕೆಂಪು ಹುಡಿ ಅಂಟಿತು. ಮೂಲೆಯಲ್ಲಿ ಒಂದು ಇಟ್ಟಿಗೆ ಬಿದ್ದಿತ್ತು.

“ಪೆಡಲು ಹೇಗೆ ಒತ್ತುತೀರಿ ಯಜಮಾನರೇ?”

“ಕಾಲಲ್ಲಿ. ಇನ್ನೇನು, ತಲೆಯಲ್ಲಾ? ನಿನ್ನ ಮೋಟರೇ ತಾನೇ.”

“ಕೆಲಸ ಮಾಡೋವಾಗ ಬೆಡ್ಡಿಗೆ ಏನು ಹಾಸ್ತೀರಿ?”

“ಒದ್ದೆ ಕಾಗದ. ಕಲ್ಲಿನ ಪುಡಿ ಅದಕ್ಕೆ ಅಂಟಿಕೊಳ್ಳಬೇಕು. ಇಲ್ಲದಿದ್ರೆ ಬೆಡ್ಡಿನ ಕತೆ ಮುಗೀತು. ಅದನ್ನ ಅವಳಿಗೆ ಮೊದಲ ದಿನವೇ ಹೇಳಿದೀನಿ.”

ಎಣ್ಣೆ ಡಬ್ಬಗಳ ಹಿಂದೆ ಉಗುರಿನಷ್ಟು ಸಾಣೆಕಲ್ಲಿನ ಚೂರು ಸಿಕ್ಕಿತು. ಗ್ರೈಂಡರಿಗೆ ಹಾಕಿದ್ದ ಕಲ್ಲೋ, ಇನ್ನೂ ಅಂಚು ಸವೆಯದ ಹೊಸದು. ಕೊನೆಗೆ ಅಕ್ಕ ನನ್ನಿಂದ ಗ್ರೈಂಡರನ್ನು ಬಿಚ್ಚಿಸಿ, ತಾನೊಬ್ಬಳೇ ಅಡಿ ನೋಡಿ, ಮತ್ತೆ ಬಿಗಿಸಿದಳು.

ವಾಪಸ್ಸು ಬರುವಾಗ ನಾನು ಹೇಳಿದೆ: “ಹವ್ಯಾಸಿಗಳ ಸಂಘದ ಬೋರ್ಡಿಗೆ ಮೇಷ್ಟ್ರು ನಿನ್ನೆ ಸಂಜೆ ಒಂದು ನಕ್ಷೆ ಅಂಟಿಸಿದಾರೆ. ಇಂಥದೇ ಗ್ರೈಂಡರು. ‘ಸ್ವಂತ ವಿನ್ಯಾಸ’ ಅಂತ ಸಹಿ ಬೇರೆ.”

ಅಕ್ಕ ಸಂಘದ ಕಡೆಗೇ ತಿರುಗಿದಳು. ಐದು ನಿಮಿಷ ಬೋರ್ಡಿನ ಮುಂದೆ ನಿಂತು ನಕ್ಷೆ ನೋಡಿ ಹೊರಬಂದಳು.

ಬುಧವಾರ ಸಂಜೆ ಐದಕ್ಕೆ ಅಕ್ಕ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಯಜಮಾನರು, ಸೊಸೆ, ಸಂಘದ ಇಬ್ಬರು, ನಾನು. ಮೇಷ್ಟ್ರು ನಕ್ಷೆಯನ್ನು ಸುರುಳಿ ಸುತ್ತಿಕೊಂಡು, ಸನ್ಮಾನಕ್ಕೆ ಬಂದವರಂತೆ ಬಂದರು.

“ನಕ್ಷೆ ಚೆನ್ನಾಗಿದೆ ಮೇಷ್ಟ್ರೇ,” ಎಂದಳು ಅಕ್ಕ. “ಅಡಿ ಪಟ್ಟಿಯಲ್ಲಿ ಐದು ತೂತು ಇದೆ. ನಾಲ್ಕು ಬೋಲ್ಟಿಗೆ. ಈ ಐದನೇದು?”

“ಅದಾ? ಅದು ಕಂಪನ ತಡೆಯೋಕೆ. ಲೆಕ್ಕ ಹಾಕಿಯೇ ಇಟ್ಟಿದ್ದು. ನಿನಗೆ ಅರ್ಥವಾಗಲ್ಲ ಬಿಡಮ್ಮ.”

“ನನ್ನ ಪಟ್ಟಿಗೆ ಇರೋದೇ ನಾಲ್ಕು,” ಎಂದರು ಯಜಮಾನರು.

ಅಕ್ಕ ನನಗೆ ಸನ್ನೆ ಮಾಡಿದಳು. ಬೋಲ್ಟು ಬಿಚ್ಚಿ ಗ್ರೈಂಡರನ್ನು ತಿರುವಿ ಮೇಜಿನ ಮೇಲಿಟ್ಟೆ. ಐದನೆಯ ತೂತು ನಕ್ಷೆಯಲ್ಲಿದ್ದ ಜಾಗದಲ್ಲೇ ಇತ್ತು.

“ಇದನ್ನ ಯಾರು ಕೊರೆದದ್ದು?” ಅಕ್ಕ ಕೇಳಿದಳು.

“ನಾನು,” ಎಂದಳು ಸೊಸೆ. “ಶನಿವಾರ ಸಂಜೆ ಐದು ಗಂಟೆಗೆ. ಗೆರೆ ತಪ್ಪಿ ಬಿದ್ದದ್ದು. ಅದರಿಂದ ಏನೂ ಉಪಯೋಗವಿಲ್ಲ.”

ಸಂಘದವನೊಬ್ಬ ಕೆಮ್ಮಿದ. ಮೇಷ್ಟ್ರ ಕಿವಿ ಕೆಂಪಾಯಿತು.

ಅಕ್ಕ ನಿಧಾನವಾಗಿ ಹೇಳತೊಡಗಿದಳು. “ಎಲ್ಲರೂ ಬೀಗದಕೈ ಎಣಿಸಿದ್ರಿ. ಸ್ಕ್ರೂ ಬಿಚ್ಚಿ ಚಿಲಕಾನೇ ಕಳಚಿದವನಿಗೆ ಬೀಗದಕೈ ಯಾಕೆ? ಶನಿವಾರ ಸಂಜೆ ಬಿದ್ದ ತೂತು, ತಿಂಗಳಿಂದ ಈ ಕಡೆ ಬಾರದವರ ನಕ್ಷೆಗೆ ಹೇಗೆ ಬರತ್ತೆ? ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಬಂದ್ರು, ಗ್ರೈಂಡರು ಬಿಚ್ಚಿ ಅಳತೆ ತಗೊಂಡ್ರು, ತಪ್ಪು ತೂತನ್ನೂ ಬಿಡದೆ ಬರ್ಕೊಂಡ್ರು. ಅಷ್ಟಕ್ಕೆ ಹೋಗಿದ್ರೆ ಕಳ್ಳತನ ಒಂದೇ. ಓಡಿಸಿ ನೋಡೋ ಚಪಲ ಹತ್ತಿತು. ಇವರು ಯಂತ್ರ ಓಡಿಸಿರೋದು ಕಾಗದದ ಮೇಲೆ. ಹೊಲಿಗೆ ಮೋಟರನ್ನ ಕಾಲಲ್ಲಿ ಮೆಲ್ಲಗೆ ಒತ್ತಬೇಕು ಅಂತ ಗೊತ್ತಿಲ್ಲ. ಪೆಡಲ ಮೇಲೆ ಇಟ್ಟಿಗೆ ಹೇರಿದ್ರು. ಮೋಟರು ಪೂರ್ತಿ ವೇಗಕ್ಕೆ ಹೋಯ್ತು, ಕಲ್ಲು ಒಡೀತು. ಒದ್ದೆ ಕಾಗದ ಹಾಸಿರಲಿಲ್ಲ. ಬೆಡ್ಡಿನ ತುಂಬ ಕಲ್ಲಿನ ಪುಡಿ. ಅದರ ಮೇಲೇ ಗಾಡಿ ಎಳೆದಾಡಿ ಗೀರಿ, ಚೂರು ಗುಡಿಸಿ, ಶೆಡ್ಡಲ್ಲೇ ಇದ್ದ ಹೊಸ ಕಲ್ಲು ಹಾಕಿ ಹೋದ್ರು. ಪಾತ್ರೆ ಪುಡಿಯಾಗಿದ್ರೆ ನೊರೆ ಬರ್ತಿತ್ತು. ಇವಳೇ ಆಗಿದ್ರೆ ಕಾಗದ ಹಾಸ್ತಿದ್ಲು, ಪೆಡಲು ಕಾಲಲ್ಲಿ ಒತ್ತುತಿದ್ಲು.”

“ನೋಡೋಕೆ ಬಂದಿದ್ದು ನಿಜ,” ಮೇಷ್ಟ್ರು ತೊದಲಿದರು. “ಕಲ್ಲು ತಾನಾಗಿ ಒಡೀತು. ಅದೊಂದು ಆಕಸ್ಮಿಕ.”

“ಒಡೆದದ್ದು ಆಕಸ್ಮಿಕ ಮೇಷ್ಟ್ರೇ. ಸೋಮವಾರ ಇವಳ ಕಡೆ ಚಾಚಿದ ಬೆರಳು?”

ಹೊಲಸು ಮೆಟ್ಟಿದಂತಾಯಿತು ನನಗೆ. ಕೊರಳಪಟ್ಟಿ ಹಿಡಿಯಲು ಮುಂದೆ ಹೋದೆ. “ಕಿಡಿ, ಸುಮ್ಮನಿರು. ಕೈ ತೊಳೆಯೋಕೆ ಸೋಪು ದಂಡ,” ಎಂದಳು ಅಕ್ಕ. ಯಜಮಾನರು ಗೆಳೆಯನಿಗೆ ಬಾಗಿಲು ತೋರಿಸಿದರು. ಮೇಷ್ಟ್ರು ಹೋದರು. ನಕ್ಷೆ ಮೇಜಿನ ಮೇಲೇ ಉಳಿಯಿತು.

ಯಜಮಾನರು ಜೇಬಿನಿಂದ ಬೀಗದಕೈ ತೆಗೆದು, ನೆಲ ನೋಡುತ್ತ ಸೊಸೆಯತ್ತ ಚಾಚಿದರು. “ತಗೋಮ್ಮ. ಆದದ್ದಾಯ್ತು.”

ಅವರ ಮೇಲೂ ನನಗೆ ಅಸಹ್ಯವಾಯಿತು. ಆದದ್ದಾಯ್ತಂತೆ.

ಸೊಸೆ ಕೈ ಚಾಚಲಿಲ್ಲ. “ಇಲ್ಲಿ ಬೇಡ ಮಾವ. ಕಿತ್ಕೊಂಡದ್ದು ಬೀದೀಲಿ. ಕೊಡೋದೂ ಅಲ್ಲೇ ಕೊಡಿ.”

ಮುದುಕರು ಗೀರುಬಿದ್ದ ಬೆಡ್ಡನ್ನು ನೋಡಿದರು. ಆಮೇಲೆ ಹೊರಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಸಂಜೆಯ ಹೊತ್ತು, ಮನೆಮನೆಯ ಬಾಗಿಲಲ್ಲೂ ಜನರಿದ್ದರು. ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಯಜಮಾನರು ಹೇಳಿದರು: “ಇವಳದೇನೂ ತಪ್ಪಿರಲಿಲ್ಲ. ತಪ್ಪು ನನ್ನದು.”

ಅವಳು ಬೀಗದಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಂದು ತೂತಿನ ತಪ್ಪು ನಂದೂ ಇದೆ ಮಾವ,” ಎಂದು ಶೆಡ್ಡಿನ ಕಡೆ ತಿರುಗಿದಳು. “ಬನ್ನಿ, ಪುಡಿ ಒರೆಸೋಣ. ಗಾಡಿ ಮಾತ್ರ ಅಲ್ಲಾಡಿಸಬೇಡಿ.”

ಯಜಮಾನರು ಅವಳ ಹಿಂದೆ ಹೋದರು. ನಾನು ನನ್ನ ಅಂಗಡಿಯಿಂದ ವೆಲ್ಡಿಂಗ್ ಸಾಮಾನು ತಂದು, ಚಿಲಕದ ಆ ನಾಲ್ಕು ಸ್ಕ್ರೂ ಕಿತ್ತೆಸೆದು, ಬಾಗಿಲಿನ ಆಚೆಯವರೆಗೂ ಹೋಗುವ ಬೋಲ್ಟು ಹಾಕಿ, ಅದರ ನಟ್ಟನ್ನು ಒಳಗಿನಿಂದ ಬೆಸೆದುಬಿಟ್ಟೆ. ಕೂಲಿ ಕೇಳಲಿಲ್ಲ. ಸೋಮವಾರ ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಅಷ್ಟಾದರೂ ಬೇಕಿತ್ತು.